ಪದಚರ್ಚೆ: ಆರೋಗ್ಯ ಆ್ಯಪ್‌ನ ಒಪ್ಪಿಗೆ ಪುಟಕ್ಕೆ ‘ಗೋಪ್ಯತೆ’ಯೋ ‘ಖಾಸಗಿತನ’ವೋ?

ಬಲ್ಲವರಿಗೆ ನಮಸ್ಕಾರ.

ಬಸುರಿ-ಬಾಣಂತಿಯರ ತಪಾಸಣೆಯ ವಿವರ ಇಟ್ಟುಕೊಳ್ಳುವ ಆ್ಯಪ್ ಒಂದರ ಕನ್ನಡ ಒಪ್ಪಿಗೆ ಪುಟವನ್ನು ತಿದ್ದುತ್ತಿದ್ದೇನೆ. ಕರಡಿನಲ್ಲಿ ‘ನಿಮ್ಮ ಗೌಪ್ಯತೆಯನ್ನು ಕಾಪಾಡುತ್ತೇವೆ’ ಎಂದಿದೆ. ‘ಗೋಪ್ಯ’ದಿಂದ ಆಗುವುದು ‘ಗೋಪ್ಯತೆ’. ‘ಗೌಪ್ಯತೆ’ ರೂಢಿಯಲ್ಲಿ ಬಂದದ್ದು. ಅದಿರಲಿ, ನನ್ನ ತಕರಾರು ಅರ್ಥದ್ದು.

ಗೋಪ್ಯ ಎಂದರೆ ಮುಚ್ಚಿಡಬೇಕಾದ್ದು. ಮಂತ್ರಿಗಳು ‘ಅಧಿಕಾರ ಮತ್ತು ಗೋಪ್ಯತೆ’ಯ ಪ್ರಮಾಣ ಮಾಡುವಾಗ ಪದ ಸರಿಯಾಗಿಯೇ ಕೂತಿದೆ. ಆದರೆ ಏಳು ತಿಂಗಳ ಬಸುರು ಓಣಿಗೆಲ್ಲ ಕಾಣುತ್ತದೆ, ತಾಯಿ ಕಾರ್ಡಿನಲ್ಲಿ ಬರೆದದ್ದು ಆಶಾ ಕಾರ್ಯಕರ್ತೆಗೂ ನರ್ಸಮ್ಮನಿಗೂ ಗೊತ್ತು. ಗುಟ್ಟು ಎಲ್ಲಿ ಉಳಿಯಿತು? ಆದರೂ ಆಕೆಯ ಹಿಮೋಗ್ಲೋಬಿನ್ ಅಂಕಿ, ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಫೋನ್ ನಂಬರು ಇನ್ನಾರ ಕೈ ಸೇರಬೇಕು ಎಂದು ಹೇಳಬೇಕಾದವಳು ಆಕೆಯೇ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಮುದ್ರೆ ಒತ್ತಿದರು. ಅವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಮುದ್ರೆ ಕಂಡ ಅಕ್ಕಪಕ್ಕದವರಿಗೆ ವಿಷಯ ಗುಟ್ಟಾಗಿರಲಿಲ್ಲ. ಊರು ತುಂಬ ಹಂಚಿದ್ದು ಅನ್ಯಾಯವೇ. ಆ ಅನ್ಯಾಯವನ್ನು ‘ಗೋಪ್ಯತೆಗೆ ಭಂಗ’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಬಚ್ಚಿಡುವಂಥದ್ದು ಏನೋ ಇತ್ತು ಎಂಬ ಧ್ವನಿಯೂ ಅಂಟಿಕೊಳ್ಳುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ‘ಪ್ರೈವೆಸಿ’ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಾಗ ಪತ್ರಿಕೆಗಳಲ್ಲಿ ‘ಖಾಸಗಿತನ’ ಓಡಾಡಿತು. ನನಗೆ ಅದೇ ಹಿತ. ವೈದ್ಯರು ಪಾಲಿಸಬೇಕಾದ್ದು ಗೋಪ್ಯತೆ, ರೋಗಿಗೆ ಇರುವುದು ಖಾಸಗಿತನ ಎಂದು ಎರಡನ್ನೂ ಉಳಿಸಿಕೊಳ್ಳಬಹುದು. ತೊಡಕು ‘ಖಾಸಗಿ’ಯಲ್ಲಿದೆ: ಖಾಸಗಿ ಬಸ್ಸು, ಖಾಸಗಿ ಆಸ್ಪತ್ರೆ ಕೇಳಿ ಪಳಗಿದ ಕಿವಿಗೆ ‘ಖಾಸಗಿ ಆರೋಗ್ಯ ಮಾಹಿತಿ’ ನರ್ಸಿಂಗ್ ಹೋಮಿನ ಕಡತದಂತೆ ಕೇಳಿಸುತ್ತದೆ. ಅಲ್ಲಿ ‘ವೈಯಕ್ತಿಕ ಮಾಹಿತಿ’ ಹಾಕಿದ್ದೇನೆ.

ಇನ್ನೊಂದು ಪದವೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಯಾರಿಗೆ ಸಂಬಂಧಿಸಿದ್ದೋ ಅವರನ್ನು ‘ಡೇಟಾ ಪ್ರಿನ್ಸಿಪಲ್’ ಎನ್ನುತ್ತಾರೆ. ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಅದನ್ನು ಹಿಂತೆಗೆದುಕೊಳ್ಳುವ ಹಕ್ಕು ಇವರಿಗುಂಟು; ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವೂ ಇರಬೇಕು, ಹಾಗಾಗಿ ಕನ್ನಡದ ಪುಟ ಕಾಟಾಚಾರಕ್ಕೆ ಆಗಬಾರದು. ‘ಮಾಹಿತಿಯ ಒಡೆಯ’ ಎಂದರೆ ಕಾಯ್ದೆ ಹೇಳದ ಒಡೆತನ ಸೇರಿಕೊಳ್ಳುತ್ತದೆ, ಬಾಣಂತಿಗೆ ಹೊಂದುವುದೂ ಇಲ್ಲ. ‘ಮಾಹಿತಿದಾರ’ ಎಂದರೆ ಪೊಲೀಸರಿಗೆ ಸುದ್ದಿ ಕೊಡುವವನು. ಹೆಣ್ಣು-ಗಂಡು ಇಬ್ಬರಿಗೂ ಸಲ್ಲುವ, ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಓದಿ ಹೇಳಿದರೆ ತಿಳಿಯುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ?