ಪದಚರ್ಚೆ: ಕೊಲೆಸ್ಟ್ರಾಲ್‌ಗೆ ‘ಕೊಬ್ಬು’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಹಾಸನದ ಹತ್ತಿರ ನಮ್ಮೂರಲ್ಲಿ ಮುಂದಿನ ತಿಂಗಳು ಹೃದಯ ತಪಾಸಣೆ ಶಿಬಿರ ಇದೆ. ಅದಕ್ಕೆ ಒಂದು ಪುಟದ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. 2025ರ ಜೂನ್, ಜುಲೈಯಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂತಲ್ಲ, ಆಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಾಗುವ ಮೊದಲೇ ಸಾಲು ನಿಂತರು. ಆಮೇಲಿಂದ ‘ಲಿಪಿಡ್ ಪ್ರೊಫೈಲ್’ (ರಕ್ತದಲ್ಲಿ ಕೊಲೆಸ್ಟ್ರಾಲ್ ಮುಂತಾದವು ಎಷ್ಟಿವೆ ಅಂತ ನೋಡುವ ಪರೀಕ್ಷೆ) ನಮ್ಮ ಕಡೆ ಮನೆಮಾತು. ಅರ್ಥ ಮಾತ್ರ ಇನ್ನೂ ಹಿಂದೆ ಉಳಿದಿದೆ.

ನನ್ನ ಪ್ರಶ್ನೆ ಇದು. ಕೊಲೆಸ್ಟ್ರಾಲ್ ಅಂತ ಬಂದ ಕಡೆಯೆಲ್ಲ ಪತ್ರಿಕೆಗಳು ‘ಕೊಬ್ಬು’ ಅಂತ ಬರೆಯುತ್ತವೆ. ಅದು ಸಾಕಾ?

ನನಗೆ ಸಾಲದು ಅನಿಸುತ್ತದೆ. ಹಿಂದಿನ ಶಿಬಿರದಲ್ಲಿ ನರ್ಸ್ ಒಬ್ಬರು ಸಣಕಲು ಅಜ್ಜಿಗೆ “ಕೊಬ್ಬು ಜಾಸ್ತಿ ಇದೆ ಅಜ್ಜಿ” ಅಂದರು. “ನಂಗೆಲ್ಲಿ ಕೊಬ್ಬು ತಾಯಿ, ಗಾಳಿ ಬೀಸಿದ್ರೆ ಬಿದ್ದೋಗ್ತೀನಿ” ಅಂತ ಅಜ್ಜಿ. ಸುತ್ತ ಇದ್ದವರೆಲ್ಲ ನಕ್ಕರು. ಚೀಟಿಯಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’ ಅಂತ ಕರೆಯುವುದು, 172 ಅಂತಿತ್ತು. 100ರ ಒಳಗಿರಬೇಕು ಅಂತ ಪಕ್ಕದಲ್ಲೇ ಅಚ್ಚಾಗಿತ್ತು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ತುರುಕಿ ಎದ್ದು ಹೋದರು. ಬೇರೆ ಮಾತು ಬಳಸಿದ್ದರೆ ಇನ್ನೆರಡು ನಿಮಿಷ ಕೂತಿರುತ್ತಿದ್ದರೋ ಏನೋ.

ಕೊಬ್ಬು ಅಂದರೆ ನಮ್ಮ ಕಣ್ಣಿಗೆ ಬರುವುದು ಹೊಟ್ಟೆ, ತೊಡೆ. ಇಲ್ಲದಿದ್ದರೆ ಸೊಕ್ಕು. ಕೊಲೆಸ್ಟ್ರಾಲ್ ಅದಲ್ಲ. ಅದರ ಹೆಚ್ಚು ಪಾಲನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಜೀವಕೋಶದ ಹೊರಪೊರೆಗೆ, ಕೆಲವು ಹಾರ್ಮೋನುಗಳಿಗೆ, ಡಿ ವಿಟಮಿನ್‌ಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ವಂಶದಲ್ಲಿ ಬಂದಿದ್ದರೆ, ಥೈರಾಯ್ಡ್ ಕೈಕೊಟ್ಟಿದ್ದರೆ, ಕಡ್ಡಿಯಂಥವರಲ್ಲೂ ಏರುತ್ತದೆ.

ಇನ್ನೊಂದು ಗೊಂದಲ ಅಂಗಡಿಯದು. ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಸಸ್ಯದ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚುಗಾರಿಕೆ ಏನಿಲ್ಲ. ಅರಸೀಕೆರೆ ಕಡೆ ಕೊಬ್ಬರಿ ಎಣ್ಣೆಯನ್ನೇ ತಗೊಳ್ಳಿ. ಅದರಲ್ಲೂ ಕೊಲೆಸ್ಟ್ರಾಲ್ ಇಲ್ಲ. ಆದರೆ ಅದರ ಕೊಬ್ಬಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಅನ್ನುವ ಬಗೆಯದು. ಅದು ಜಾಸ್ತಿಯಾದರೆ ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ. ಎಣ್ಣೆಯ ಕೊಬ್ಬು, ರಕ್ತದ ಕೊಲೆಸ್ಟ್ರಾಲ್ ಎರಡಕ್ಕೂ ಒಂದೇ ‘ಕೊಬ್ಬು’ ಬಳಸಿದರೆ ಈ ಸಾಲನ್ನು ಕನ್ನಡದಲ್ಲಿ ಬರೆಯೋಕೇ ಆಗಲ್ಲ, ಅಲ್ವಾ? ‘ಕೊಬ್ಬು ತಿಂದರೆ ಕೊಬ್ಬು ಏರುತ್ತದೆ’ ಅಂತಾಗುತ್ತದೆ!

ಬೇರೆ ಪದಗಳನ್ನೂ ಹುಡುಕಿದೆ. ‘ನೆಣ’ ಸಕಲೇಶಪುರದ ಕಡೆ ಹಿರಿಯರ ಬಾಯಲ್ಲಿ ಇನ್ನೂ ಇದೆ, ಆದರೆ ಅದು ಮಾಂಸದ ಜೊತೆಗೇ ಬರುವ ಮಾತು. ‘ಜಿಡ್ಡು’ ಪಾತ್ರೆ ತೊಳೆಯುವವರದ್ದು. ‘ಮೇದಸ್ಸು’ ನಮ್ಮೂರಲ್ಲಿ ಯಾರೂ ಅನ್ನಲ್ಲ. ‘ಕೊಲೆಸ್ಟ್ರಾಲ್’ ಪದದ ಮೂಲಕ್ಕೆ ಹೋದರೆ ಗ್ರೀಕಿನಲ್ಲಿ ‘ಪಿತ್ತ’ ಮತ್ತು ‘ಗಟ್ಟಿ’ ಅನ್ನುವ ಎರಡು ಮಾತು ಸೇರಿ ಆದ ಹೆಸರು. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. ಹೆಸರಿಟ್ಟವರು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್, 19ನೇ ಶತಮಾನದ ಮೊದಲ ಭಾಗದಲ್ಲಿ. ಹಾಗಂತ ‘ಗಟ್ಟಿಪಿತ್ತ’ ಅಂತ ಬರೆದರೆ ಕೆಟ್ಟೆವು. ಕೊಬ್ಬು ಅಂದರೆ ಸೊಕ್ಕು, ಪಿತ್ತ ಅಂದರೆ ಸಿಟ್ಟು, ಎರಡೂ ಬೈಗುಳದ ಮನೆಯವೇ. ಹಾಗಾಗಿ ‘ಕೊಲೆಸ್ಟ್ರಾಲ್’ ಅಂತಲೇ ಇರಲಿ ಅನ್ನುವುದು ನನ್ನ ಒಲವು. ಬಿಪಿ, ಶುಗರ್ ಒಗ್ಗಿದ ಬಾಯಿಗೆ ಇದೇನು ಭಾರವಲ್ಲ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಎಲ್‌ಡಿಎಲ್, ಎಚ್‌ಡಿಎಲ್ ಹತ್ತಿರ. ‘ಕೆಟ್ಟ’, ‘ಒಳ್ಳೆಯ’ ಅನ್ನುವುದು ಎಲ್ಲರ ರೂಢಿ. ಆದರೆ ಎರಡರೊಳಗೂ ಇರುವುದು ಅದೇ ಕೊಲೆಸ್ಟ್ರಾಲ್. ಅದು ರಕ್ತದಲ್ಲಿ ಕರಗುವುದಿಲ್ಲ, ಪ್ರೋಟೀನ್ ಜೊತೆ ಸೇರಿ ಸಾಗಬೇಕು. ಎಲ್‌ಡಿಎಲ್ ಮೈಗೆಲ್ಲ ಹಂಚುತ್ತದೆ, ಎಚ್‌ಡಿಎಲ್ ಉಳಿದದ್ದನ್ನು ಯಕೃತ್ತಿಗೆ ವಾಪಸ್ ತರುತ್ತದೆ. ಹಂಚುವುದು ಮಿತಿ ಮೀರಿದಾಗ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ‘ಒಳ್ಳೆಯ’ದರ ಕಥೆಯೂ ಸಲೀಸಲ್ಲ. ಎಚ್‌ಡಿಎಲ್ ಏರಿಸುವ ಮಾತ್ರೆಗಳನ್ನು ದೊಡ್ಡದಾಗಿ ಪರೀಕ್ಷಿಸಿದರು, ಅಂಕಿ ಏರಿದರೂ ನಿರೀಕ್ಷಿಸಿದಷ್ಟು ಹೃದಯಾಘಾತ ತಪ್ಪಲಿಲ್ಲ. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ತಪ್ಪಿದೆ. ‘ಹಂಚುವ ಕೊಲೆಸ್ಟ್ರಾಲ್’, ‘ಮರಳುವ ಕೊಲೆಸ್ಟ್ರಾಲ್’ ಅಂತ ಬರೆದರೆ ಹೇಗೆ? ಓದುವವರು ಹೆದರದೆ ಬಿಟ್ಟುಬಿಡುತ್ತಾರೆ ಅಂತ ನನ್ನ ತಂಗಿಯ ತಕರಾರು. ಅದರಲ್ಲೂ ಹುರುಳಿದೆ.

ಕೊನೆಯದು ‘ಬ್ಲಾಕ್’. ‘ಎರಡು ಬ್ಲಾಕ್ ಇದೆಯಂತೆ’ ಅಂದರೆ ಚರಂಡಿ ಕಟ್ಟಿಕೊಂಡ ಹಾಗೆ ಅಂತ ಎಲ್ಲರ ಕಲ್ಪನೆ. ಆಗುವುದು ಹೆಚ್ಚಾಗಿ ಬೇರೆ. ಗೋಡೆಯೊಳಗೆ ಬೆಳೆದ ಗಂಟು ಒಂದು ದಿನ ಬಿರಿಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ದಾರಿ ಮುಚ್ಚುತ್ತದೆ. ಅದಕ್ಕೇ ನಿನ್ನೆವರೆಗೆ ಗದ್ದೆಗೆ ಹೋಗುತ್ತಿದ್ದವರೂ ಇದ್ದಕ್ಕಿದ್ದಂತೆ ಕುಸಿಯುವುದು. ಹೆಪ್ಪಿಗೆ ‘ಗರಣೆ’ ಅನ್ನುವ ಮಾತೂ ಇದೆ. ನಿಮ್ಮ ಊರಿನ ಕಡೆ ಅದು ಈಗಲೂ ಬಳಕೆಯಲ್ಲಿದೆಯಾ? ಗೋಡೆಯೊಳಗಿನ ಆ ಗಂಟಿಗೆ ಏನನ್ನುತ್ತೀರಿ? ಡಾಕ್ಟರುಗಳ ಹಾಗೆ ‘ಪ್ಲಾಕ್’ ಅಂತ ಹಾಕಿದರೆ ಹಲ್ಲಿನ ಮೇಲೆ ಕಟ್ಟುವ ಪಾಚಿ ಅಂದುಕೊಂಡಾರು. ಪ್ರೆಸ್ಸಿನವರು ಸೋಮವಾರ ಕೇಳಿದ್ದಾರೆ, ಅದರೊಳಗೆ ಬರೆದರೆ ಉಪಕಾರ.