ಕೈ ಮಾಡಿದ್ದು ಎರಡೇ ಸಲ, ಉಳಿದದ್ದೆಲ್ಲ ಮಾತು. ಇದನ್ನು ದೌರ್ಜನ್ಯ ಎನ್ನಬಹುದೇ?

ಕಲ್ಪತರು ನಾಡಿನವಳು ಕೇಳಿದ್ದು:

ನನಗೆ 34 ವರ್ಷ. ತಿಪಟೂರು ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಗದು ಕೌಂಟರಿನಲ್ಲಿ ಕೂರುತ್ತೇನೆ. ಯಜಮಾನರದು ಕೊಬ್ಬರಿ ವ್ಯಾಪಾರ. ಮಗ ಎರಡನೆಯ ತರಗತಿಯಲ್ಲಿ ಓದುತ್ತಿದ್ದಾನೆ. ದಿನವಿಡೀ ಊರವರ ದುಡ್ಡು ಎಣಿಸುತ್ತೇನೆ, ನನ್ನ ಸಂಬಳದ ಎಟಿಎಂ ಕಾರ್ಡ್ ಮಾತ್ರ ಅವರ ಅಂಗಿಯ ಜೇಬಿನಲ್ಲಿರುತ್ತದೆ.

ಒಂಬತ್ತು ವರ್ಷಗಳಲ್ಲಿ ಅವರು ಹೊಡೆದದ್ದು ಎರಡು ಸಲ. ಒಮ್ಮೆ ಕೆನ್ನೆಗೆ, ಒಮ್ಮೆ ಚಪಾತಿ ಲಟ್ಟಣಿಗೆಯಿಂದ ಬೆನ್ನಿಗೆ. ಕಳೆದ ಯುಗಾದಿಯ ಹಿಂದಿನ ರಾತ್ರಿ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದರು, ಹೊಡೆಯಲಿಲ್ಲ. ಉಳಿದದ್ದೆಲ್ಲ ಮಾತು. ನನ್ನ ಅಪ್ಪ ಕೊಟ್ಟದ್ದೇನು, ಸಂಘದಲ್ಲಿ ಯಾರ ಮುಂದೆ ಹಲ್ಲು ಕಿರಿಯುತ್ತೇನೆ, ಹೀಗೆ. ಇಲ್ಲಿ ಬರೆಯಲಾಗದಂಥವು ಇನ್ನೂ ಇವೆ. ಕೊನೆಗೆ ಯಾವಾಗಲೂ ಒಂದೇ ವಾಕ್ಯ: "ಈ ಮನೆ ನಮ್ಮಮ್ಮನ ಹೆಸರಿನಲ್ಲಿದೆ, ಬಟ್ಟೆ ಕಟ್ಟಿಕೊಂಡು ಹೊರಡು."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವುದು ನನ್ನ ಅಭ್ಯಾಸ. ಆರು ತಿಂಗಳಿನಿಂದ, ಬೈದ ದಿನ ತಾರೀಕಿನ ಕೆಳಗೆ ಕೆಂಪು ಚುಕ್ಕೆಯನ್ನೂ ಇಡುತ್ತಿದ್ದೇನೆ. ಕೊಬ್ಬರಿ ಬೆಲೆ ಬಿದ್ದ ದಿನ ತಲೆ ಕೆಟ್ಟು ಹೀಗೆ ಆಡುತ್ತಾರೆ ಎಂದು ನಾನು ನಂಬಿದ್ದೆ. ಚುಕ್ಕೆಗಳನ್ನು ನೋಡಿದರೆ ಬೆಲೆ ಏರಿದ ದಿನವೂ ಇವೆ, ಹರಾಜೇ ಇಲ್ಲದ ದಿನವೂ ಇವೆ. ಮಂಡಿಯಲ್ಲಿ ಅವರು ಯಾರಿಗೂ ಏಕವಚನದಲ್ಲಿ ಮಾತನಾಡಿದ್ದನ್ನು ಕೇಳಿದವರಿಲ್ಲ. ಹಮಾಲರಿಗೂ "ಬನ್ನಿ, ಹೋಗಿ" ಎನ್ನುತ್ತಾರೆ. ಹೋದ ತಿಂಗಳು ಕ್ಯಾಲೆಂಡರ್ ನೋಡಿ, "ಹಾಲು ಇಷ್ಟೊಂದು ದಿನ ಹೆಚ್ಚಿಗೆ ತೆಗೆದುಕೊಂಡೆಯಾ?" ಎಂದು ಕೇಳಿದರು. ಹೂಂ ಎಂದೆ.

ಅವರನ್ನು ಜೈಲಿಗೆ ಕಳುಹಿಸುವ ಆಸೆ ನನಗಿಲ್ಲ. ಇದು ದೌರ್ಜನ್ಯವೇ, ಅಥವಾ ನನಗೇ ಸಹನೆ ಕಡಿಮೆಯೇ? ಅಷ್ಟು ತಿಳಿದರೆ ಸಾಕು.

ಹಿರಿಯ ಓದುಗ:

ತಾಯಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತನಾಡಿಸಿ. ಕೋರ್ಟು ಮೆಟ್ಟಿಲು ಹತ್ತಿದ ಸಂಸಾರ ಮತ್ತೆ ಕೂಡಿದ್ದನ್ನು ನಾನು ಕಂಡಿಲ್ಲ.

ಕಲ್ಪತರು ನಾಡಿನವಳು:

ಮೂರು ಸಲ ಕೂರಿಸಿದ್ದಾಗಿದೆ, ಸರ್. ಮೂರು ಸಲವೂ ಕಾಫಿ ಮಾಡಿಕೊಟ್ಟವಳು ನಾನೇ. "ಹೊಂದಿಕೊಂಡು ಹೋಗಮ್ಮ" ಎಂದು ಹೇಳಿ ಎದ್ದರು. ಮೂರನೆಯ ಸಲ ಅವರೆಲ್ಲ ಬಸ್ಸು ಹತ್ತುವ ಮೊದಲೇ ಇಲ್ಲಿ ಬೈಗುಳ ಶುರುವಾಗಿತ್ತು.

ದಾವಣಗೆರೆಯ ಟೈಲರ್ ಅಕ್ಕ:

ಎಲ್ಲರ ಮನೆಯಲ್ಲೂ ಅಲ್ಲದಿದ್ದರೂ, ಹಿರಿಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಸುಮಾರು 21 ಇತ್ತು. ಊರಿಗೆಲ್ಲ ಜ್ವರ ಬಂದಿದೆ ಎಂದು ಯಾರೂ ಮಾತ್ರೆ ನುಂಗುವುದನ್ನು ಬಿಡುವುದಿಲ್ಲವಲ್ಲ.

ತಂಗಿ, ಹನ್ನೊಂದು ವರ್ಷ ನಿನ್ನ ಜಾಗದಲ್ಲಿ ನಾನಿದ್ದೆ. ಸೆಕ್ಷನ್ ನಂಬರುಗಳು ನನಗೆ ಈಗ ದೇವರನಾಮದಂತೆ ಬಾಯಿಪಾಠ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಕಾಯ್ದೆ ಬಂತು. ಅದರ 3ನೇ ಸೆಕ್ಷನ್ ಓದು. ಹೊಡೆತದ ಜೊತೆಗೆ ಮಾತಿನ ಹಿಂಸೆ, ಹಣ ಕಿತ್ತುಕೊಳ್ಳುವುದು ಎರಡೂ ಅದರಲ್ಲಿವೆ. ನಿನ್ನ ಎಟಿಎಂ ಕಾರ್ಡ್ ಕೂಡ ಅಲ್ಲೇ ಬರುತ್ತದೆ. ಮನೆ ಅತ್ತೆಯ ಹೆಸರಿನಲ್ಲಿದೆ ಎಂಬ ಹೆದರಿಕೆಗೆ 17ನೇ ಸೆಕ್ಷನ್ ಇದೆ. ನೀನು ಸಂಸಾರ ಮಾಡಿದ ಮನೆಯಿಂದ ಕಾನೂನಿನ ಕ್ರಮವಿಲ್ಲದೆ ನಿನ್ನನ್ನು ಹೊರಗೆ ಹಾಕುವಂತಿಲ್ಲ. ಅಂಥ ಮನೆ ಗಂಡನ ಬಂಧುಗಳ ಹೆಸರಿನಲ್ಲಿದ್ದರೂ ಈ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಜೈಲಿನ ವಿಷಯ. ಈ ಕಾಯ್ದೆಯಲ್ಲಿ ಮೊದಲು ಸಿಗುವುದು ರಕ್ಷಣಾ ಆದೇಶ: ಹೊಡೆಯಬೇಡ, ಬೈಯಬೇಡ, ಕಚೇರಿಗೆ ಬಂದು ಗಲಾಟೆ ಮಾಡಬೇಡ ಎಂದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಪೊಲೀಸರ ಕ್ರಿಮಿನಲ್ ಕೇಸು ಬೇರೆ ದಾರಿ. ಹೆಂಡತಿಗೆ ಗಂಡನ ಮನೆಯವರು ಕೊಡುವ ಹಿಂಸೆಯ ಸೆಕ್ಷನ್ ಅದು. ಹಿಂದೆ 498ಎ ಎನ್ನುತ್ತಿದ್ದೆವು, 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆಯಲ್ಲಿ 85 ಆಗಿದೆ. ಆ ದಾರಿ ಹಿಡಿಯುವುದು ಬಿಡುವುದು ನಿನಗೆ ಸೇರಿದ್ದು. ವಕೀಲರ ಖರ್ಚಿಗೆ ಹೆದರಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಕೇಳದೆ ಉಚಿತ ನೆರವು ಕೊಡುತ್ತಾರೆ.

ಸುಲಭ ಎಂದು ಸುಳ್ಳು ಹೇಳುವುದಿಲ್ಲ. ಅರವತ್ತು ದಿನಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ, ನನ್ನದು ಒಂದು ವರ್ಷ ನಾಲ್ಕು ತಿಂಗಳು ಎಳೆಯಿತು. ಕೇಸು ಮುಗಿಯುವ ಮೊದಲೇ ಸಿಗುವ ಮಧ್ಯಂತರ ಆದೇಶ ಕೇಳಲು ಮರೆಯಬೇಡ, ನನ್ನನ್ನು ಉಳಿಸಿದ್ದು ಅದೇ. ಚುಕ್ಕೆಯ ಕ್ಯಾಲೆಂಡರನ್ನು ಎಸೆಯಬೇಡ.

ತಾಲ್ಲೂಕು ಆಸ್ಪತ್ರೆಯ ನರ್ಸ್:

ಎಲ್ಲರೂ ಮಾತಿನ ಬಗ್ಗೆ, ಮನೆಯ ಬಗ್ಗೆ ಬರೆದಿದ್ದಾರೆ. ನಾನು ನಿಂತದ್ದು ನೀವು ಒಂದೇ ಸಾಲಿನಲ್ಲಿ ದಾಟಿಹೋದ ಯುಗಾದಿಯ ರಾತ್ರಿಯ ಹತ್ತಿರ. "ಕುತ್ತಿಗೆ ಹಿಡಿದರು, ಹೊಡೆಯಲಿಲ್ಲ" ಎಂದು ಬರೆದಿದ್ದೀರಿ. ಅದು ಹೊಡೆತಕ್ಕಿಂತ ಕಡಿಮೆಯದಲ್ಲ, ಹೆಚ್ಚಿನದು. ಒಮ್ಮೆ ಕುತ್ತಿಗೆ ಒತ್ತಿದವನ ಕೈಯಲ್ಲಿ ಆ ಹೆಣ್ಣು ಮುಂದೆ ಜೀವ ಕಳೆದುಕೊಳ್ಳುವ ಅಪಾಯ ಹಲವು ಪಟ್ಟು ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಹೊರಗೆ ಗುರುತು ಕಾಣದೆಯೂ ಒಳಗೆ ಪೆಟ್ಟಾಗಿರಬಹುದು. ಆಮೇಲೆ ದನಿ ಕಟ್ಟಿತ್ತೇ? ನುಂಗಲು ನೋವಾಗಿತ್ತೇ? ಕಣ್ಣು ಕತ್ತಲೆ ಬಂದಿತ್ತೇ?

ಇನ್ನೊಂದು ಮಾತು. ಕಾರ್ಡ್ ರದ್ದು ಮಾಡಿಸುವುದು, ಎದುರು ನಿಂತು ಕಾನೂನು ಹೇಳುವುದು, ಇವನ್ನೆಲ್ಲ ಅದೇ ಸೂರಿನ ಕೆಳಗಿದ್ದು ಮಾಡಬೇಡಿ. ಬಿಟ್ಟುಹೋಗುತ್ತಾಳೆ ಎಂದು ಗೊತ್ತಾದ ಹೊತ್ತೇ ಹೆಚ್ಚು ಅಪಾಯದ್ದು. ಮೊದಲು ಹೋಗಲು ಒಂದು ಜಾಗ ನೋಡಿಕೊಳ್ಳಿ. ಮಹಿಳಾ ಸಹಾಯವಾಣಿ 181, ಕೈ ಮೀರಿದರೆ 112. ನಿಮ್ಮ ಮೊಬೈಲನ್ನು ಅವರು ನೋಡುವುದಿದ್ದರೆ ಬೇರೆ ಫೋನಿನಿಂದ ಮಾಡಿ. ಈ ಕಾಯ್ದೆಯಡಿ ದೂರು ಬರೆದುಕೊಂಡು ಕೋರ್ಟಿಗೆ ಮುಟ್ಟಿಸುವ ಸಂರಕ್ಷಣಾಧಿಕಾರಿಯನ್ನು ಹುಡುಕಿ ಜಿಲ್ಲೆಗೆ ಅಲೆಯಬೇಕಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ವೈದ್ಯರ ಬಳಿಗೂ ಹೋಗಿ. ನಡೆದದ್ದನ್ನು ನಡೆದ ಹಾಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುವವರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ.

ಹಿರಿಯ ಓದುಗ:

ಕುತ್ತಿಗೆಯ ಮಾತನ್ನು ನಾನು ಓದಿಯೂ ಓದಿರಲಿಲ್ಲ. ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ತಾಯಿ.

ಕಲ್ಪತರು ನಾಡಿನವಳು:

ಎರಡು ದಿನ ದನಿ ಕಟ್ಟಿತ್ತು. ಹಬ್ಬದ ಮರುದಿನ ಕೌಂಟರಿನಲ್ಲಿ ಎಲ್ಲರಿಗೂ ನೆಗಡಿ ಎಂದೆ. ನನಗೂ ಹಾಗೆಯೇ ಹೇಳಿಕೊಂಡಿದ್ದೆ ಎಂದು ನಿಮ್ಮ ಪ್ರಶ್ನೆ ಓದಿದ ಮೇಲೆ ಗೊತ್ತಾಯಿತು. ಆ ತಾರೀಕಿನ ಕೆಳಗೆ ಚುಕ್ಕೆಯೂ ಇಲ್ಲ. ಬೈದಿರಲಿಲ್ಲವಲ್ಲ, ಅದಕ್ಕೆ.

ಇದನ್ನು ಸಂಘದ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ಊಟದ ಬಿಡುವಿನಲ್ಲಿ ಇಲ್ಲಿನ ಫೋನಿನಿಂದಲೇ 181ಕ್ಕೆ ಮಾತನಾಡಿದೆ. ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅಕ್ಕ ಕೋಪ ಮಾಡಿಕೊಳ್ಳಬಾರದು. ಮಗನ ಆಧಾರ್ ಕಾರ್ಡು, ನನ್ನ ಅಂಕಪಟ್ಟಿಗಳು, ಎರಡು ಬಳೆ ನನ್ನ ಮೇಜಿನ ಡ್ರಾಯರಿನಲ್ಲಿವೆ. ಕ್ಯಾಲೆಂಡರಿನ ಹಳೆಯ ಹಾಳೆಗಳನ್ನೂ ಕಿತ್ತು ತಂದಿದ್ದೇನೆ. ಈ ತಿಂಗಳದ್ದು ಗೋಡೆಯ ಮೇಲೇ ಇರಬೇಕು, ಇಲ್ಲದಿದ್ದರೆ ಕೇಳುತ್ತಾರೆ. ನೆನ್ನೆಯೂ ಹಾಲು ಅರ್ಧ ಲೀಟರ್ ಹೆಚ್ಚು ಎಂದು ಬರೆದು ಬಂದೆ.