ಆನ್‌ಲೈನ್ ಗ್ರಂಥಾಲಯ ಕಾರ್ಯಾಗಾರ: ಮಕ್ಕಳಿಗೆ ಹುಡುಕಲು ಕಲಿಸಿದವರು ನಿಮ್ಮ ಅನುಭವ ತಿಳಿಸಿ

ಕೇಳಿಕೆ: ಅನುದಾನಿತ ಕಾಲೇಜೊಂದರ ಗ್ರಂಥಪಾಲಕಿ, ಕಾಸರಗೋಡು ಜಿಲ್ಲೆ

ನಾನು ಗ್ರಂಥಪಾಲಕಿಯಾಗಿ ಕೆಲಸಕ್ಕೆ ಸೇರಿ ಇದು ಮೂರನೆಯ ವರ್ಷ. ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷಗಳ ಪದವಿ ಆರಂಭವಾದ ಮೇಲೆ ಅಸೈನ್‌ಮೆಂಟು, ಪ್ರಾಜೆಕ್ಟು ಎಂದು ಆಕರ ಕೇಳಿಕೊಂಡು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಗೂಗಲ್‌ನ ಮೊದಲ ಪುಟವನ್ನು ದಾಟಿದವರಲ್ಲ. ಕಳೆದ ಮಳೆಗಾಲದಲ್ಲಿ ಒಂದೂವರೆ ಗಂಟೆಯ ಆನ್‌ಲೈನ್ ಕಾರ್ಯಾಗಾರ ಇಟ್ಟುಕೊಂಡು ಶೋಧಗಂಗಾ (ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಸಂಗ್ರಹ), ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆ ಒದಗಿಸುವ ತಾಣ), ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಮೊದಲಾಗಿ ಹನ್ನೊಂದು ಜಾಲತಾಣಗಳನ್ನು ಒಂದಾದ ಮೇಲೊಂದರಂತೆ ತೋರಿಸಿದೆ. ಆರಂಭದಲ್ಲಿ ನಲವತ್ತು ಮಂದಿ ಇದ್ದರು, ಮುಗಿಯುವಾಗ ಒಂಬತ್ತು. ಸಂಶಯಗಳಿವೆಯೇ ಎಂದು ಕೇಳಿದ್ದಕ್ಕೆ ಒಬ್ಬರೂ ಬಾಯಿ ತೆರೆಯಲಿಲ್ಲ. ಈ ವರ್ಷವೂ ನಡೆಸಬೇಕಾಗಿದೆ. ಕನ್ನಡ ಮಾಧ್ಯಮದಿಂದ ಬಂದವರೂ ಮಲಯಾಳ ಮಾಧ್ಯಮದಿಂದ ಬಂದವರೂ ಒಟ್ಟಿಗಿರುತ್ತಾರೆ. ಎಷ್ಟು ಹೊತ್ತು ನಡೆಸಬೇಕು, ಯಾವುದರಿಂದ ಆರಂಭಿಸಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಸರಕಾರಿ ಕಾಲೇಜಿನ ಹಿರಿಯ ಗ್ರಂಥಪಾಲಕಿ

ಟೀಚರ್, ನೀವು ಮಾಡಿದ ತಪ್ಪನ್ನೇ ನಾನು ನಾಲ್ಕು ವರ್ಷ ಮಾಡಿದ್ದೇನೆ. ಜಾಲತಾಣಗಳ ಮೆರವಣಿಗೆ ತೋರಿಸಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಮುಖಪುಟದ ಬಣ್ಣ ಮಾತ್ರ. ಓದುಗರ ಸಮಯ ಉಳಿಸಿ ಎಂಬ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವರು ನಾವು. ಕಾರ್ಯಾಗಾರ ನಡೆಸುವ ದಿನ ಮಾತ್ರ ಅದನ್ನು ಮರೆಯುತ್ತೇವೆ.

ಈಗ ನಾನು ಕಾರ್ಯಾಗಾರಕ್ಕೆ ಒಂದು ವಾರ ಮೊದಲು ಮೂರೇ ಪ್ರಶ್ನೆಗಳ ಗೂಗಲ್ ಫಾರ್ಮ್ ಕಳುಹಿಸುತ್ತೇನೆ: ನಿಮ್ಮ ಅಸೈನ್‌ಮೆಂಟಿನ ವಿಷಯವೇನು, ಇದುವರೆಗೆ ಯಾವ ಪದ ಹಾಕಿ ಹುಡುಕಿದಿರಿ, ಏನು ಸಿಕ್ಕಿತು. ಬಂದ ಉತ್ತರಗಳಿಂದ ಒಂದೇ ಒಂದು ವಿಷಯವನ್ನು ಆರಿಸಿ ಇಡೀ ಅವಧಿಯನ್ನು ಅದಕ್ಕೇ ಕೊಡುತ್ತೇನೆ. ಒಮ್ಮೆ ಎಣ್ಮಕಜೆ ಕಡೆಯ ಹುಡುಗಿಯೊಬ್ಬಳು ‘ಎಂಡೋಸಲ್ಫಾನ್’ ಎಂದಷ್ಟೇ ಬರೆದಿದ್ದಳು. ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ, ಆಮೇಲೆ ನಿಷೇಧವಾದ ಕೀಟನಾಶಕ ಅದು. ಅವಳಿಗೆ ಸಿಕ್ಕಿದ್ದು ಪತ್ರಿಕಾ ವರದಿಗಳು ಮತ್ತು ವಿಡಿಯೋಗಳು. ಮೊದಲು ಕಾಗುಣಿತದಿಂದಲೇ ಆರಂಭಿಸಿದೆವು. ಇಂಗ್ಲಿಷಿನಲ್ಲಿ ಈ ಪದವನ್ನು ‘ಎಫ್’ ಅಕ್ಷರ ಹಾಕಿ ಬರೆಯುವವರಿದ್ದಾರೆ, ‘ಪಿ’ ಮತ್ತು ‘ಎಚ್’ ಸೇರಿಸಿ ಬರೆಯುವವರೂ ಇದ್ದಾರೆ. ಒಂದನ್ನು ಹಾಕಿದರೆ ಇನ್ನೊಂದು ತಪ್ಪಿಹೋಗಬಹುದು. ಎರಡರ ನಡುವೆ ದೊಡ್ಡಕ್ಷರದಲ್ಲಿ ‘OR’ (ಅಥವಾ) ಎಂಬ ಇಂಗ್ಲಿಷ್ ಪದವನ್ನು ಹಾಕಿದಾಗ ಫಲಿತಾಂಶಗಳು ಬದಲಾದದ್ದನ್ನು ಮಕ್ಕಳು ಕಣ್ಣಾರೆ ಕಂಡರು. ಆಮೇಲೆ ಪಡ್ರೆ, ಎಣ್ಮಕಜೆ ಎಂಬ ಊರಿನ ಹೆಸರುಗಳು, ಗೇರು ತೋಟ, ಹೆಲಿಕಾಪ್ಟರ್ ಸಿಂಪರಣೆ ಎಂಬ ಪದಗಳು ಒಂದೊಂದಾಗಿ ಸೇರಿದವು.

ಮುಂದಿನ ಹಂತದಲ್ಲಿ ಯಾವ ಬಗೆಯ ಆಕರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದು ತಾನಾಗಿಯೇ ಬಂತು. ಆರೋಗ್ಯದ ಮೇಲೆ ಏನಾಯಿತು ಎಂದು ಕೇಳುವವಳಿಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ 2002ರ ವರದಿ ಬೇಕು. ಅಲ್ಲಿನ ವಿಜ್ಞಾನಿಗಳು 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಲೇಖನವೂ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಸಿಗುತ್ತದೆ, ಹಣ ಕೊಡದೆ ಓದಬಹುದು. ನಿಷೇಧ ಹೇಗೆ ಬಂತು ಎಂದು ಕೇಳುವವನಿಗೆ 2011ರ ಮೇ ತಿಂಗಳ ಸುಪ್ರೀಂ ಕೋರ್ಟ್ ಆದೇಶವೂ ಅದೇ ವರ್ಷದ, ಅಪಾಯಕಾರಿ ರಾಸಾಯನಿಕಗಳ ಬಗೆಗಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಣಯವೂ ಬೇಕು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ಮಾದರಿಗಳಲ್ಲಿ ವಿಷದ ಶೇಷ ಹೆಚ್ಚಾಗಿದೆ ಎಂದಿತು. ತೋಟದ ಆಡಳಿತ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾಗಿ ಮಾತನಾಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು, ಈ ಅಧ್ಯಯನಕ್ಕೆ ಹಣ ಕೊಟ್ಟವರು ಯಾರು, ಮಾದರಿ ತೆಗೆದದ್ದು ಯಾವಾಗ ಎಂದು ಕೇಳಿದಾಗ, ಆಕರದ ವಿಶ್ವಾಸಾರ್ಹತೆಯ ಬಗ್ಗೆ ನಾನು ಬೇರೆ ಭಾಷಣ ಮಾಡಬೇಕಾಗಿ ಬರಲಿಲ್ಲ.

ಸಮಯದ ಬಗ್ಗೆ ಹೇಳುವುದಾದರೆ, ನಲವತ್ತು ನಿಮಿಷಗಳ ಮೂರು ಅವಧಿಗಳು, ನಡುವೆ ಒಂದೊಂದು ವಾರದ ಅಂತರ ಇದ್ದರೆ ಸಾಕು. ಮಕ್ಕಳಲ್ಲಿ ಹೆಚ್ಚಿನವರು ಫೋನಿನಲ್ಲಿಯೇ ಸೇರುತ್ತಾರಾದ್ದರಿಂದ ನಿಮ್ಮ ಕಂಪ್ಯೂಟರಿನ ಪರದೆಯನ್ನು ತೋರಿಸಿದರೆ ಅಕ್ಷರಗಳು ಅವರಿಗೆ ಸಾಸಿವೆ ಕಾಳಿನಷ್ಟು ಕಾಣುತ್ತವೆ. ನಿಮ್ಮ ಫೋನಿನ ಪರದೆಯನ್ನೇ ಹಂಚಿಕೊಳ್ಳಿ. ಎನ್-ಲಿಸ್ಟ್‌ನ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳನ್ನು ಮುಂಚಿತವಾಗಿಯೇ ಮಾಡಿಸಿಡಿ. ನನ್ನ ಒಂದು ಅವಧಿ ಪೂರ್ತಿ ‘ಟೀಚರ್, ಇಮೇಲ್ ಬಂದಿಲ್ಲ’ ಎಂಬುದರಲ್ಲಿಯೇ ಮುಗಿದಿದೆ. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಇವೆಯಾದರೂ ಅದು ಸರಕಾರಿ ಸಂಸ್ಥೆಗಳನ್ನು ಉದ್ದೇಶಿಸಿದ್ದು; ನಿಮ್ಮದು ಅನುದಾನಿತ ಕಾಲೇಜಾದ್ದರಿಂದ, ಮಕ್ಕಳಿಗೆ ಹೇಳುವ ಮೊದಲು ನಿಮ್ಮ ಕಾಲೇಜಿಗೆ ಪ್ರವೇಶ ಇದೆಯೇ ಎಂದು ನೋಡಿಕೊಳ್ಳಿ. ಬಾಗಿಲು ತೋರಿಸಿ ಬೀಗ ಹಾಕಿದ್ದೆಂದು ಆಮೇಲೆ ಹೇಳಿದರೆ ಮಕ್ಕಳು ಮತ್ತೆ ಬರುವುದಿಲ್ಲ.

ಉತ್ತರ: ಕನ್ನಡ ಅಧ್ಯಾಪಕ, ಮಂಜೇಶ್ವರ ತಾಲೂಕು

ಹಿರಿಯ ಟೀಚರ್ ಹೇಳಿದ ಕಾಗುಣಿತದ ಮಾತು ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೂ ಆಳವಾದದ್ದು ಎಂದು ಹೇಳಬೇಕೆನಿಸಿತು. ಪ್ರಾದೇಶಿಕ ಇತಿಹಾಸದ ಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ‘ಕಾಸರಗೋಡು ಜಿಲ್ಲೆ’ ಎಂದು ಹುಡುಕಿದರೆ ಸಿಗುವುದು 1984ರ ಮೇ 24ರ ನಂತರದ್ದು ಮಾತ್ರ, ಏಕೆಂದರೆ ಜಿಲ್ಲೆ ಹುಟ್ಟಿದ್ದೇ ಆ ದಿನ. ಅದಕ್ಕೆ ಮೊದಲು ಇದು ಕಣ್ಣೂರು ಜಿಲ್ಲೆಯ ಭಾಗವಾಗಿತ್ತು; 1961, 1971, 1981ರ ಜನಗಣತಿಯ ಅಂಕಿಅಂಶಗಳು ಬೇಕಿದ್ದರೆ ಇಂಗ್ಲಿಷಿನಲ್ಲಿ ‘ಕ್ಯಾನನೋರ್’ ಎಂಬ ಹಳೆಯ ರೂಪದಲ್ಲಿಯೇ ಹುಡುಕಬೇಕು. 1956ರ ನವೆಂಬರ್‌ಗಿಂತ ಹಿಂದಿನದು ಬೇಕಿದ್ದರೆ ಮದ್ರಾಸ್, ಸೌತ್ ಕೆನರಾ. ಸ್ಟರಾಕ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಮೊದಲ ಸಂಪುಟ 1894ರದ್ದು, ಸ್ಟುವರ್ಟ್ ಸಿದ್ಧಪಡಿಸಿದ ಎರಡನೆಯದು 1895ರದ್ದು. ಕಾಸರಗೋಡು ಆಗ ಆ ಜಿಲ್ಲೆಯ ಒಂದು ತಾಲೂಕಾಗಿದ್ದುದರಿಂದ ಇಲ್ಲಿನ ಸಂಗತಿಗಳು ಅದರೊಳಗೆ ಇವೆ, ಆದರೆ ಪುಸ್ತಕದ ಹೆಸರಿನಲ್ಲಿ ‘ಕಾಸರಗೋಡು’ ಎಲ್ಲಿಯೂ ಇಲ್ಲ. ಆದ್ದರಿಂದ ನಾನು ಮೊದಲ ಅವಧಿಯಲ್ಲಿ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ನೋಟ್ ಪುಸ್ತಕದಲ್ಲಿ ಮೂರು ಗೆರೆ ಎಳೆಸಿ, ನಿಮ್ಮ ಊರು ಯಾವ ಕಾಲದಲ್ಲಿ ಯಾವ ಆಡಳಿತದಲ್ಲಿತ್ತು, ಆಗ ಅದರ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷುಗಳಲ್ಲಿ ಹೇಗೆ ಬರೆಯುತ್ತಿದ್ದರು ಎಂಬ ಪಟ್ಟಿ ಮಾಡಿಸುತ್ತೇನೆ. ಮಲಯಾಳ ಮಾಧ್ಯಮದ ಮಕ್ಕಳು ಇಲ್ಲಿ ಹೊರೆಯಲ್ಲ. ಕನ್ನಡದವರಿಗೆ ತಿಳಿಯದ ರೂಪಗಳನ್ನು ಕೊಡುವವರು ಅವರೇ. ಭಾಷೆಯ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲಿಯೇ ಇದೆ: ವಿವರಣೆ ಕನ್ನಡದಲ್ಲಿ, ಹುಡುಕುಪದ ಮೂರೂ ಭಾಷೆಗಳಲ್ಲಿ.

ಎರಡನೆಯದು, ಶೋಧಗಂಗಾ. ಕನ್ನಡ ಮಹಾಪ್ರಬಂಧಗಳನ್ನು ಹುಡುಕುವಾಗ ಮಕ್ಕಳು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಏನೂ ಇಲ್ಲವೆಂದು ತೀರ್ಮಾನಿಸುತ್ತಾರೆ. ಅಲ್ಲಿ ಕೆಲವು ಶೀರ್ಷಿಕೆಗಳು ಕನ್ನಡ ಲಿಪಿಯಲ್ಲಿವೆ, ಕೆಲವು ಇಂಗ್ಲಿಷ್ ಅಕ್ಷರಗಳಲ್ಲಿವೆ, ಅದೂ ಸೇರಿಸಿದವರಿಗೆ ತೋಚಿದ ಕಾಗುಣಿತದಲ್ಲಿ. ಒಳಗಿನ ಪಠ್ಯದ ಸ್ಥಿತಿ ಇನ್ನೂ ಕಷ್ಟ: ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು, ಹಾಗಾಗಿ ಕಡತದೊಳಗೆ ಪದ ಹುಡುಕಿದರೆ ಸಿಗುವುದಿಲ್ಲ. ಒಂದು ಪುಟವನ್ನು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ ತೋರಿಸಿದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ, ನಗುವೂ ಬರುತ್ತದೆ. ಅಂಥ ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಯೂನಿಕೋಡ್ ಪಠ್ಯ ಸಿಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳಿರುತ್ತವೆ, ಉಲ್ಲೇಖಿಸುವ ಮೊದಲು ಮೂಲದೊಡನೆ ಹೋಲಿಸಲೇಬೇಕು. ಇನ್ನೊಂದು ಕಿವಿಮಾತು: ಶೋಧಗಂಗಾದಲ್ಲಿ ಪ್ರತಿ ಅಧ್ಯಾಯಕ್ಕೂ ಬೇರೆ ಬೇರೆ ಕಡತ ಇರುತ್ತದೆ. ಮೊದಲ ಕಡತವನ್ನು ಇಳಿಸಿಕೊಂಡು ‘ಬರೀ ಮುಖಪುಟ ಸಿಕ್ಕಿತು ಮಾಷೇ’ ಎಂದು ಬಂದವರು ಹಲವರು. ನಾನು ಕೊನೆಯಲ್ಲಿರುವ ಗ್ರಂಥಸೂಚಿಯ ಕಡತವನ್ನು ಮೊದಲು ತೆರೆಸುತ್ತೇನೆ. ಒಬ್ಬರು ವರ್ಷಗಟ್ಟಲೆ ಅಲೆದು ಕಲೆಹಾಕಿದ ಪುಸ್ತಕಗಳ ಪಟ್ಟಿ ಅಲ್ಲಿ ಸುಮ್ಮನೆ ಕುಳಿತಿರುತ್ತದೆ.

ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್, ಅದರಲ್ಲಿ ಚದುರಿಹೋಗಿರುವ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲಿಯೇ ಹುಡುಕಲು ‘ಪುಸ್ತಕ ಸಂಚಯ’, ಬಾಸೆಲ್ ಮಿಷನ್ನಿನ ಮುದ್ರಣಗಳಿಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್. ಈ ಮೂರಕ್ಕಿಂತ ಹೆಚ್ಚಿನದನ್ನು ಪದವಿಯ ಮಕ್ಕಳಿಗೆ ನಾನು ಹೇಳುವುದಿಲ್ಲ.

ಉತ್ತರ: ಸ್ನಾತಕೋತ್ತರ ವಿದ್ಯಾರ್ಥಿನಿ, ಕುಂಬಳೆ

ನಾನು ಕಲಿಸಿದವಳಲ್ಲ, ಇಂಥ ಎರಡು ಕಾರ್ಯಾಗಾರಗಳಲ್ಲಿ ಕುಳಿತವಳು. ಒಂದರಲ್ಲಿ ಎಲ್ಲವೂ ಮೊದಲೇ ಹುಡುಕಿಟ್ಟದ್ದಾಗಿತ್ತು. ಟೀಚರ್ ಒತ್ತಿದ ಕೂಡಲೇ ಬೇಕಾದ ಲೇಖನ ಬರುತ್ತಿತ್ತು, ಮನೆಯಲ್ಲಿ ನಾನು ಒತ್ತಿದಾಗ ಬರಲಿಲ್ಲ, ತಪ್ಪು ನನ್ನದೇ ಎಂದುಕೊಂಡು ಬಿಟ್ಟುಬಿಟ್ಟೆ. ಇನ್ನೊಂದರಲ್ಲಿ ಸರ್ ನಮ್ಮೆದುರಿಗೇ ಹತ್ತು ನಿಮಿಷ ಹುಡುಕಿ ಸೋತರು, ಪದ ಬದಲಿಸಿದರು, ಮತ್ತೆ ಸೋತರು, ನಾಲ್ಕನೆಯ ಸಲ ಸಿಕ್ಕಿತು. ಸೋಲುವುದು ಈ ಕೆಲಸದ ಭಾಗವೇ ಎಂದು ನನಗೆ ಆ ದಿನ ತಿಳಿಯಿತು.

ಮಾತನಾಡಿ ಎಂದರೆ ನಾವು ಮಾತನಾಡುವುದಿಲ್ಲ. ಮನೆಯಲ್ಲಿ ಎಲ್ಲರೂ ಇರುತ್ತಾರೆ, ನಾಚಿಕೆ. ಚಾಟ್‌ನಲ್ಲಿ ಬರೆಯಲು ಹೇಳಿದರೆ ಬರೆಯುತ್ತೇವೆ. ಸರ್ ಕೊಟ್ಟ ಒಂದು ಅಭ್ಯಾಸ ಎಲ್ಲರನ್ನೂ ಎಬ್ಬಿಸಿತು: ಅನಂತಪುರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಬಂದ ವರದಿಗಳಲ್ಲಿ ಅದರ ವಯಸ್ಸು, ಸಸ್ಯಾಹಾರದ ಬಗ್ಗೆ ಏನೆಲ್ಲ ಇದೆ, ಆ ಮಾತನ್ನು ಹೇಳಿದವರು ಯಾರು ಎಂದು ಪತ್ತೆ ಮಾಡಬೇಕು. ನಾವು ತೆರೆದ ವರದಿಗಳಲ್ಲಿ ಹೆಚ್ಚಿನವು ಒಂದನ್ನು ನೋಡಿ ಇನ್ನೊಂದು ಬರೆದಂತಿದ್ದವು. ಊರಿನ ವಿಷಯವಾದ್ದರಿಂದ ಅಜ್ಜಿಯವರೂ ಪಕ್ಕದಲ್ಲಿ ಕುಳಿತು ತಮಗೆ ತಿಳಿದದ್ದನ್ನು ಹೇಳತೊಡಗಿದರು. ಅದನ್ನು ಆಕರವಾಗಿ ಹೇಗೆ ದಾಖಲಿಸುವುದು ಎಂಬುದೇ ಆ ದಿನದ ಕೊನೆಯ ಚರ್ಚೆಯಾಯಿತು.

ರೆಕಾರ್ಡಿಂಗ್ ಬಗ್ಗೆ ಒಂದು ವಿನಂತಿ. ಪೂರ್ತಿ ವಿಡಿಯೋವನ್ನು ಯಾರೂ ನೋಡುವುದಿಲ್ಲ, ಡೇಟಾ ಮುಗಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಮೂರು ನಾಲ್ಕು ನಿಮಿಷಗಳ ತುಂಡುಗಳನ್ನು ಮಾಡಿ ಗ್ರೂಪಿಗೆ ಹಾಕಿದರೆ ಅಸೈನ್‌ಮೆಂಟ್ ಕೊಡುವ ಹಿಂದಿನ ರಾತ್ರಿ ಖಂಡಿತ ನೋಡುತ್ತೇವೆ.

ಉತ್ತರ: ಕಾಲೇಜು ಅಧ್ಯಾಪಕ, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಗಡಿಯ ಇನ್ನೊಂದು ತುದಿಯಿಂದ ಬರೆಯುತ್ತಿದ್ದೇನೆ. ಮಂಜೇಶ್ವರದ ಸರ್ ಹೇಳಿದ್ದು ನಮಗೂ ಅನ್ವಯಿಸುತ್ತದೆ. ನಮ್ಮಲ್ಲಿ ‘ಶೋಲಾಪುರ’ ಎಂಬ ಹಳೆಯ ರೂಪವನ್ನೂ ಅಕ್ಕಲಕೋಟೆ ಸಂಸ್ಥಾನವನ್ನೂ ಬಿಟ್ಟರೆ ಸ್ವಾತಂತ್ರ್ಯಪೂರ್ವದ ದಾಖಲೆಗಳಲ್ಲಿ ಅರ್ಧ ಕಾಣೆಯಾಗುತ್ತವೆ. ಆದರೆ ವಿವರಣೆ ಕನ್ನಡದಲ್ಲಿ ಇದ್ದರೆ ಸಾಕು ಎಂಬ ಮಾತಿಗೆ ನನ್ನದೊಂದು ತಕರಾರು ಇದೆ. ನಮ್ಮ ವಿದ್ಯಾರ್ಥಿಯೊಬ್ಬ ರಾಜ್ಯಗಳ ಗಡಿವಿವಾದ ಪರಿಶೀಲಿಸಿದ ಮಹಾಜನ ಆಯೋಗದ ಬಗ್ಗೆ ಪ್ರಾಜೆಕ್ಟ್ ಮಾಡಿದ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಆ ಆಯೋಗ ಅಕ್ಕಲಕೋಟೆಯನ್ನೂ, ನಿಮ್ಮ ಕಡೆ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಅವನು ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಒಂದು ಬಗೆಯ ವಾದ, ಮರಾಠಿಯಲ್ಲಿ ಹುಡುಕಿದಾಗ ಅದಕ್ಕೆ ತದ್ವಿರುದ್ಧ ವಾದ. ಎರಡನ್ನೂ ಓದಬಲ್ಲ ಮಕ್ಕಳು ಗಡಿಯಲ್ಲಿ ಮಾತ್ರ ಇದ್ದಾರೆ. ಅವರಿಗೆ ಪದಗಳನ್ನಷ್ಟೇ ಅಲ್ಲ, ಟಿಪ್ಪಣಿಯನ್ನೂ ಎರಡು ಭಾಷೆಗಳಲ್ಲಿ ಬರೆದುಕೊಳ್ಳಲು ಹೇಳಬೇಕು.

ಪ್ರಮಾಣಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಹಾಜರಾದವರಿಗೆಲ್ಲ ಇ-ಪ್ರಮಾಣಪತ್ರ ಕೊಡುತ್ತೇವೆಂದು ಒಂದು ವರ್ಷ ಪ್ರಕಟಿಸಿದೆವು, ಜನ ತುಂಬಿದರು, ಫೋನನ್ನು ಆನ್ ಮಾಡಿಟ್ಟು ಹೊಲಕ್ಕೆ ಹೋದವರೂ ಇದ್ದರು. ಈಗ ಹುಡುಕಾಟದ ದಾಖಲೆ ಒಪ್ಪಿಸಿದವರಿಗೆ ಮಾತ್ರ ಕೊಡುತ್ತೇವೆ: ಯಾವ ದಿನ, ಎಲ್ಲಿ, ಯಾವ ಪದ, ಎಷ್ಟು ಸಿಕ್ಕಿತು, ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂಬ ಒಂದು ಪುಟ. ಅದರಲ್ಲಿ ಕಡ್ಡಾಯವಾದ ಒಂದು ಸಾಲೂ ಇದೆ. ಚಾಟ್‌ಜಿಪಿಟಿಯಿಂದ ತಮ್ಮ ವಿಷಯಕ್ಕೆ ಐದು ಆಕರಗಳನ್ನು ಕೇಳಿ, ಅವು ನಿಜವಾಗಿ ಇವೆಯೇ ಎಂದು ಗೂಗಲ್ ಸ್ಕಾಲರ್‌ನಲ್ಲಿಯೂ ಗ್ರಂಥಾಲಯದ ಪಟ್ಟಿಯಲ್ಲಿಯೂ ಪರೀಕ್ಷಿಸಿ ಬರೆಯಬೇಕು. ಲೇಖಕರು ನಿಜ, ನಿಯತಕಾಲಿಕೆಯೂ ನಿಜ, ಲೇಖನ ಮಾತ್ರ ಹುಟ್ಟಿಯೇ ಇಲ್ಲ ಎಂಬುದನ್ನು ತಾವೇ ಕಂಡುಹಿಡಿದವರಿಗೆ ಬೇರೆ ಎಚ್ಚರಿಕೆ ಹೇಳುವ ಅಗತ್ಯ ಬಿದ್ದಿಲ್ಲ.

ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಮೂರು ಪ್ರಶ್ನೆಗಳ ಫಾರ್ಮನ್ನು ನಿನ್ನೆ ಸಂಜೆಯೇ ಕಳುಹಿಸಿದೆ, ಇದುವರೆಗೆ ಹದಿನೇಳು ಉತ್ತರಗಳು ಬಂದಿವೆ. ಅವುಗಳಲ್ಲಿ ಒಂದು ಹೀಗಿದೆ. ವಿಷಯ: ಕುಂಬಳೆ ಸೀಮೆಯ ಯಕ್ಷಗಾನ. ಹುಡುಕಿದ ಪದ: ‘ಕಾಸರಗೋಡು ಯಕ್ಷಗಾನ ಇತಿಹಾಸ ಪಿಡಿಎಫ್’. ಸಿಕ್ಕಿದ್ದು: ‘ತುಂಬ ಸಿಕ್ಕಿದೆ ಟೀಚರ್, ಯಾವುದು ಬೇಕೆಂದು ಗೊತ್ತಾಗುತ್ತಿಲ್ಲ’. ಮೊದಲ ಅವಧಿಗೆ ಇದನ್ನೇ ಆರಿಸಿಕೊಂಡಿದ್ದೇನೆ. ಮಂಜೇಶ್ವರದ ಮಾಷೇ, ಊರಿನ ಹೆಸರುಗಳ ಆ ಪಟ್ಟಿಯನ್ನು ಮಾಡಿಸಲು ನೀವೇ ನಲವತ್ತು ನಿಮಿಷ ನಮ್ಮ ಮಕ್ಕಳೊಂದಿಗೆ ಕುಳಿತುಕೊಳ್ಳಬಹುದೇ? ಶನಿವಾರ ಬೆಳಿಗ್ಗೆಯಾದರೆ ನಮಗೆ ಅನುಕೂಲ.